ಶನಿವಾರ ಸಂಜೆ ಯಾರದು?

ನನಗೆ ಗುರು ಸಿಕ್ಕಿದ್ದು ಜಗಳದಲ್ಲಿ. ಬೇರೆಯವರಿಗೆ ಹೇಗೆ ಸಿಗುತ್ತಾರೋ ಗೊತ್ತಿಲ್ಲ. ನಾನಂತೂ ಅವರ ನಂಬರು ಹುಡುಕಿ, ಫೋನ್ ಮಾಡಿ, ಬಾಯಿಗೆ ಬಂದಂತೆ ಬೈದು ಸಂಪಾದಿಸಿಕೊಂಡೆ. ನೆನೆದರೆ ಒಬ್ಬಳೇ ಇರುವಾಗಲೂ ನಗು ಬರುತ್ತದೆ.

ನಮ್ಮದು ಅಜ್ಜಂಪುರ. ಕಡೂರಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ವಿಡಿಯೊ ನೋಡಿ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕಲಿತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅದನ್ನು ನಂಬಿದವರು ಒಬ್ಬರೇ, ನಮ್ಮ ಬೀದಿಯ ಕೊನೆಯಲ್ಲಿರುವ ಮದುವೆ ಛತ್ರದ ಮ್ಯಾನೇಜರು. "ನಮ್ಮ ಛತ್ರಕ್ಕೂ ಒಂದು ಮಾಡ್ಕೊಡಮ್ಮ. ಜನ ಮನೇಲೇ ಕೂತು ಫೋನ್‌ನಲ್ಲಿ ದಿನ ನೋಡ್ಕೊಂಡು ಬುಕ್ ಮಾಡೋ ಹಂಗಿರ್ಲಿ" ಅಂದರು. ನಾನು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಒಂದು ಟೆಂಪ್ಲೇಟ್ ಇಳಿಸಿಕೊಂಡೆ. ಟೆಂಪ್ಲೇಟ್ ಎಂದರೆ ಯಾರೋ ಮೊದಲೇ ಮಾಡಿಟ್ಟ ಅಚ್ಚು. ಅದರಲ್ಲಿ ನಮ್ಮ ಹೆಸರು, ನಮ್ಮ ಫೋಟೊ ತುಂಬಿದರೆ ಸೈಟು ಸಿದ್ಧ. ಛತ್ರದ ಫೋಟೊ ಹಾಕಿದೆ. ಹೋಟೆಲ್ ರೂಮುಗಳಿಗೆಂದು ಮಾಡಿದ್ದ ಒಂದು ಕ್ಯಾಲೆಂಡರನ್ನು ತಂದು ಜೋಡಿಸಿದೆ. ಅಚ್ಚಿನಲ್ಲೇ ಇದ್ದ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಗುವ ಯಾವುದೋ ದೇಶದ ಹೆಂಗಸನ್ನು ಮಾತ್ರ ಹಾಗೇ ಬಿಟ್ಟೆ. ನೋಡಲು ಚೆನ್ನಾಗಿದ್ದಳು. ಮ್ಯಾನೇಜರು, "ಈ ಯಮ್ಮ ಯಾರಮ್ಮ? ನಮ್ಮ ಛತ್ರಕ್ಕೆ ಯಾವಾಗ ಬಂದಿದ್ಲು?" ಎಂದು ಕೇಳಿದರೂ ತೆಗೆಯಲಿಲ್ಲ. ರಾತ್ರಿ ಹಗಲು ಅದರ ಮುಂದೆ ಕೂತು ಕೂತು, ಅಚ್ಚು ಬೇರೆಯವರದು ಎಂಬುದೇ ನನಗೆ ಮರೆತುಹೋಗಿತ್ತು.

ಒಂದು ದಿನ ನಮ್ಮ ಮನೆಯ ಹಳೆಯ ಗೇಟು ಮುರಿದುಬಿತ್ತು. ತರೀಕೆರೆಯಲ್ಲಿ ಒಳ್ಳೆಯ ಗೇಟು ಮಾಡುವವರು ಯಾರಿದ್ದಾರೆ ನೋಡು ಎಂದು ಅಪ್ಪ ಹೇಳಿದರು. ಫೋನಿನಲ್ಲಿ ಹುಡುಕಿದೆ. ಒಂದು ವೆಲ್ಡಿಂಗ್ ಅಂಗಡಿಯ ಸೈಟು ತೆರೆದುಕೊಂಡಿತು. ನೋಡುತ್ತೇನೆ, ಅದೇ ನೀಲಿ ಪಟ್ಟಿ, ಅದೇ ದುಂಡನೆಯ ಬಟನ್ನುಗಳು, ಕೆಳಗಡೆ ಅದೇ ಹೆಡ್‌ಫೋನಿನ ಹೆಂಗಸು! ನನ್ನ ಮೈಯೆಲ್ಲ ಉರಿದುಹೋಯಿತು. ಪುಟದ ಕೊನೆಯಲ್ಲಿ ಸೈಟು ಮಾಡಿದವರ ನಂಬರಿತ್ತು. ಒತ್ತಿದೆ. ಅತ್ತಲಿಂದ ಹೆಂಗಸಿನ ದನಿ "ಹಲೋ, ಯಾರ್ರೀ?" ಅಂದದ್ದೇ ತಡ, ಶುರು ಮಾಡಿದೆ.

"ಏನ್ರೀ, ನಾಚ್ಕೆ ಆಗಲ್ವಾ ನಿಮಗೆ? ಇನ್ನೊಬ್ರು ಕಷ್ಟಪಟ್ಟು ಮಾಡಿದ್ದನ್ನ ಹಂಗೇ ಎತ್ಕೊಂಡ್ಬಿಡೋದಾ? ಬಣ್ಣನಾದ್ರೂ ಬದಲಾಯಿಸಬಾರ್ದಾ? ಆ ಹೆಂಗಸನ್ನೂ ಬಿಟ್ಟಿಲ್ವಲ್ರೀ ನೀವು!"

ಆ ಕಡೆಯಿಂದ ಬಂದದ್ದು ನಗು. ಅದೆಂಥ ನಗು ಅಂತೀರಿ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಕೆಮ್ಮು ಬಂತು, ನೀರು ಕುಡಿದರು, ಮತ್ತೆ ನಕ್ಕರು.

"ಅರೆ, ನಿಂದು ಯಾವಾಗ ಮಾಡಿದ್ದಮ್ಮಾ?"

"ಹೋದ ತಿಂಗಳು. ಛತ್ರದವರು ದುಡ್ಡು ಕೊಟ್ಟು ಮಾಡ್ಸಿದ್ದು."

"ನಂದು ಮಾಡಿ ವರ್ಷಗಳಾದವು. ನೀನು ಆಗಿನ್ನೂ ಕಾಲೇಜಲ್ಲಿ ಇದ್ಯೋ ಏನೋ. ಈಗ ಹೇಳು, ಕದ್ದೋರು ಯಾರು?"

ಫೋನ್ ಇಟ್ಟುಬಿಡೋಣ ಅನ್ನಿಸಿತು, ಆದರೆ ಅವರೇ ಬಿಡಲಿಲ್ಲ. "ಅದು ನಮ್ಮ ಮೈದುನನ ಅಂಗಡಿ. ಬಿಟ್ಟಿ ಮಾಡ್ಕೊಟ್ಟೆ, ಅದಕ್ಕೇ ಬಿಟ್ಟಿ ಅಚ್ಚು. ಇಬ್ರೂ ಒಂದೇ ಕಡೆ ತಗೊಂಡಿದೀವಿ ಕಣಮ್ಮಾ. ನೀನು ದುಡ್ಡು ತಗೊಂಡು ಮಾಡೋ ಕೆಲಸಕ್ಕೂ ಅದನ್ನೇ ಹಾಕಿದೀಯಾ? ಬಾ ತರೀಕೆರೆಗೆ. ಜಗಳ ಆಡೋದಾದ್ರೆ ಎದುರುಬದುರು ಕೂತು ಆಡೋಣ."

ಹೋಗಲೇಬೇಕೆಂದು ನನಗೂ ಹಠ ಬಂತು. ಗೇಟಿನ ಅಳತೆಯನ್ನೂ ಕೊಟ್ಟು ಬಂದಂತಾಗುತ್ತದೆ ಎಂದು ಅಮ್ಮನಿಗೆ ಹೇಳಿ ಬಸ್ಸು ಹತ್ತಿದೆ. ಅಂಗಡಿ ಇದ್ದದ್ದು ತರೀಕೆರೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಕೆಳಗೆ ವೆಲ್ಡಿಂಗ್ ಕಿಡಿ, ಕಬ್ಬಿಣ ಉಜ್ಜುವ ಗ್ರೈಂಡರಿನ ಕಿರ್ರೆನ್ನುವ ಸದ್ದು. ಮೇಲೆ, ಮೆಟ್ಟಿಲು ಹತ್ತಿದರೆ ಒಂದು ಚಿಕ್ಕ ಕೋಣೆ. ಕಬ್ಬಿಣದ ಕಾಲಿನ ಒಂದು ಮೇಜು, ಅದರ ಮೇಲೆ ಎರಡು ಪರದೆ, ಒಂದು ಲ್ಯಾಪ್‌ಟಾಪ್. ಅದರ ಮುಂದೆ, ದುಪಟ್ಟಾ ತಲೆಗೆ ಸುತ್ತಿಕೊಂಡು, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ದೂರದೂರದ ಕಂಪನಿಗಳಿಗೆ ಆ ಕೋಣೆಯಿಂದಲೇ ಸೈಟು ಮಾಡಿ ಕಳಿಸುತ್ತಿದ್ದರು. ಅವರ ಅತ್ತೆ ಬಾಗಿಲ ಬಳಿ ಚಾಪೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಮನೆಯವರು ಆಡುತ್ತಿದ್ದ ದಖ್ಖನಿ ಮಾತು ನನಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧ ನಗುವಿನಲ್ಲಿ ತಿಳಿಯುತ್ತಿತ್ತು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಇವ್ಳೇ ನೋಡಿ ನನಗೆ ಬೈದೋಳು" ಎಂದು ಆಪಾ ಅತ್ತೆಗೆ ಪರಿಚಯ ಮಾಡಿಸಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. "ಇಷ್ಟೇ ಇಷ್ಟು ಇದಾಳಲ್ಲ, ದನಿ ಎಲ್ಲಿಂದ ಬಂತು ಅಂತ ಕೇಳ್ತಾರೆ" ಅಂದರು ಆಪಾ.

ಅವರ ಪರದೆಯ ಮೇಲೆ ಆಗ ಅರ್ಧ ಆಗಿದ್ದ ಒಂದು ಪುಟವಿತ್ತು. ಅಚ್ಚಿನದಲ್ಲ, ಅವರೇ ಖಾಲಿ ಹಾಳೆಯಿಂದ ಕಟ್ಟಿದ್ದು. ಅದನ್ನು ನೋಡಿದವಳಿಗೆ ಜಗಳವೆಲ್ಲ ಮರೆತುಹೋಯಿತು. ಎಷ್ಟು ಸಲೀಸಾಗಿತ್ತು! ಕಣ್ಣು ಎಲ್ಲಿಗೆ ಹೋಗಬೇಕೋ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಇಷ್ಟು ದಿನ ನಾನು ನೋಡಿದ ವಿಡಿಯೊಗಳಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ನನಗೆ ಇದು ಬೇಕು, ಈ ಹೆಂಗಸಿನ ಪಕ್ಕದಲ್ಲಿ ಕೂತು ಇದನ್ನು ಕಲಿಯಲೇಬೇಕು ಎನ್ನುವುದೊಂದೇ ಆ ಹೊತ್ತಿಗೆ ನನ್ನ ತಲೆಯಲ್ಲಿ ಉಳಿಯಿತು.

"ಆಪಾ, ನನಗೂ ಕಲಿಸ್ತೀರಾ?" ಎಂದು ಕೇಳಿಯೇಬಿಟ್ಟೆ.

"ನಕ್ಕೋ ಬಾಬಾ, ಅದೊಂದು ಬೇಡ. ಕಲಿಸಿ ಕಲಿಸಿ ಸಾಕಾಗಿದೆ ನನಗೆ. ಬರೋರೆಲ್ಲ ಬಟನ್ನು ಎಲ್ಲಿದೆ ಅಂತ ಕೇಳ್ತಾರೆ, ಎರಡು ದಿನ ಆದ್ಮೇಲೆ ಎಲ್ಲಾ ಬಂತು ಆಪಾ ಅಂತ ಹೋಗ್ತಾರೆ. ಟೈಮೂ ಇಲ್ಲ, ತಾಳ್ಮೆನೂ ಇಲ್ಲ." ನನ್ನ ಮುಖ ಇಳಿದದ್ದನ್ನು ನೋಡಿ, "ಬಂದಿದೀಯಲ್ಲ, ನಿನ್ನ ಛತ್ರ ತೋರ್ಸು. ನೋಡಿ ಹೇಳ್ತೀನಿ, ಅಷ್ಟೇ" ಅಂದರು.

ನಾನು ಲ್ಯಾಪ್‌ಟಾಪಿನಲ್ಲಿ ತೆರೆಯಹೋದೆ. ಅವರು ತಡೆದರು. ಗಾಜು ಒಡೆದ ಒಂದು ಹಳೆಯ ಫೋನು ತೆಗೆದು, ಅದರಲ್ಲಿ ನನ್ನ ಸೈಟು ತೆರೆದು, ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯ ಕೈಗೆ ಕೊಟ್ಟರು. ಮೊಮ್ಮಗಳ ಮದುವೆಗೆ ದಿನ ಹಿಡಿಯಿರಿ ಎಂದು ಹೇಳಿದಂತಿತ್ತು. ನನಗೆ ಮೆಲ್ಲಗೆ, "ಅವರ ಮುಖ ನೋಡ್ಬೇಡ. ಮುಖ ಸುಮ್ನೆ ಚೆನ್ನಾಗಿದೆ ಅನ್ನುತ್ತೆ. ಹೆಬ್ಬೆರಳು ನೋಡು" ಅಂದರು. ಇದು ಅವರು ಕೆಲಸ ಮಾಡುವ ರೀತಿ. ಯಾವ ಪುಟವನ್ನೇ ಮಾಡಲಿ, ಮೊದಲು ಮನೆಯ ಯಾರದಾದರೂ ಕೈಗೆ ಆ ಒಡಕು ಫೋನು ಕೊಟ್ಟು, ಬಾಯಿ ಮುಚ್ಚಿಕೊಂಡು ಅವರ ಹೆಬ್ಬೆರಳನ್ನು ನೋಡುತ್ತ ಕೂರುತ್ತಾರೆ. ಅತ್ತೆಯ ಹೆಬ್ಬೆರಳು ನನ್ನ ಪುಟದ ಮೇಲೆ ಕೆಳಗೆ ಹೋಯಿತು, ಮೇಲೆ ಬಂತು, ಹೆಡ್‌ಫೋನಿನ ಹೆಂಗಸಿನ ಮೂಗನ್ನು ಒತ್ತಿತು, ಏನೂ ಆಗದೆ ಸುಮ್ಮನೆ ನಿಂತಿತು. ಕೊನೆಗೆ ಕ್ಯಾಲೆಂಡರ್ ಸಿಕ್ಕಿತು. ಒಂದು ಚೌಕ ಒತ್ತಿದರು, ಅದು ಕೆಂಪಾಯಿತು. ಆಪಾ ಫೋನು ತೆಗೆದುಕೊಂಡರು.

"ಈ ಭಾನುವಾರ ಒತ್ತಿದ್ರು. ಛತ್ರ ಅವರಿಗೆ ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ?"

"ಭಾನುವಾರ ಅಂದ್ರೆ ಭಾನುವಾರ ಪೂರ್ತಿ ಆಪಾ."

"ನೀನು ಛತ್ರದಲ್ಲಿ ಮದುವೆ ನೋಡಿದೀಯಾ?"

"ಅಯ್ಯೋ, ಎಷ್ಟೊಂದು ನೋಡಿದೀನಿ!"

"ಊಟ ಮಾಡಿದೀಯ ಕಣೇ. ನೋಡಿಲ್ಲ. ಹೋಗು, ಕಂಪ್ಯೂಟರ್ ಮುಚ್ಚಿಡು. ಆ ಛತ್ರದಲ್ಲಿ ಒಂದು ಮದುವೆ ಶುರುವಿಂದ ಕೊನೆವರೆಗೆ ಕೂತು ನೋಡು. ನೋಡ್ಕೊಂಡು ಸೈಟು ಸರಿ ಮಾಡು. ಸರಿ ಮಾಡಿದ ಮೇಲೆ ಬಾ. ಕಲಿಸೋದಾ ಬಿಡೋದಾ ಆಮೇಲೆ ಮಾತಾಡೋಣ."

ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಅವಮಾನವೋ ಅವಮಾನ. ಕೋಡು ಕಲಿಸಿ ಅಂದರೆ ಮದುವೆಗೆ ಹೋಗು ಅನ್ನುತ್ತಾರಲ್ಲ, ಇದೆಂಥ ಮಾತು! ಆದರೆ "ಆಮೇಲೆ ಮಾತಾಡೋಣ" ಅಂದಿದ್ದಾರಲ್ಲ, ಪೂರ್ತಿ ಇಲ್ಲ ಅಂದಿಲ್ಲ. ಆ ಒಂದು ಮಾತು ಹಿಡಿದುಕೊಂಡೇ ಅಜ್ಜಂಪುರದಲ್ಲಿ ಇಳಿದೆ.

ಮ್ಯಾನೇಜರಿಗೆ ಹೇಳಿ ಆ ವಾರದ ಮದುವೆಗೆ ಹೋದೆ. ಧಾರೆ ಇದ್ದದ್ದು ಗುರುವಾರ ಬೆಳಗ್ಗೆ. ಆದರೆ ಬುಧವಾರ ಮಧ್ಯಾಹ್ನ ಊಟವಾದ ಸ್ವಲ್ಪ ಹೊತ್ತಿಗೆಲ್ಲ ಟೆಂಪೊದಲ್ಲಿ ಅಡುಗೆಯವರ ಪಾತ್ರೆಗಳು ಬಂದವು. ಹಿಂದಿನ ಮದುವೆಯವರು ಇನ್ನೂ ಹೆಣ್ಣು ಒಪ್ಪಿಸಿಕೊಟ್ಟು ಬಾಗಿಲಲ್ಲಿ ಅಳುತ್ತ ನಿಂತಿದ್ದರು. ಅವರ ಕಣ್ಣೀರು ಒರೆಸುವುದು ಮುಗಿಯುವುದರೊಳಗೆ ಇವರ ಬಾಳೆಕಂದು ಒಳಗೆ ಬಂತು. ಮ್ಯಾನೇಜರು ಒಂದು ಕಡೆಯವರಿಂದ ಕೀ ಇಸಿದುಕೊಂಡು, ಅದೇ ಬಿಸಿಯಲ್ಲಿ ಇನ್ನೊಂದು ಕಡೆಯವರ ಕೈಗೆ ಕೊಟ್ಟರು. ಸಂಜೆ ಗಂಡಿನ ಕಡೆಯವರನ್ನು ಎದುರುಗೊಂಡರು, ವಾಲಗ ಊದಿತು, ರಿಸೆಪ್ಷನ್ ಆಯಿತು.

ನಾನು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವಳೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದುಕೊಂಡರು. ಹೀಗಾಗಿ ಎರಡು ಕಡೆಯಿಂದಲೂ ಉಪಚಾರ. ಒಬ್ಬ ಹೆಂಗಸು, "ಸುಮ್ನೆ ಕೂತಿದೀಯಲ್ಲಮ್ಮಾ, ಬಾ ಪಾಯಸ ಬಡಿಸು" ಎಂದು ಬಕೆಟ್ಟು ಕೈಗೆ ಕೊಟ್ಟೇಬಿಟ್ಟರು. ಬಡಿಸಿದೆ. ಮರುದಿನ ಬೆಳಗ್ಗೆ ಧಾರೆಯ ಹೊತ್ತಿಗೆ ಇನ್ನೊಬ್ಬರು ಪಕ್ಕಕ್ಕೆ ಕರೆದು, ಯಾರ ಮಗಳು, ಏನು ಓದಿದ್ದೀಯ, ಜಾತಕ ಹೊರಗೆ ಹಾಕಿದ್ದಾರಾ ಎಂದು ವಿಚಾರಿಸಿದರು. ವೆಬ್‌ಸೈಟ್ ಮಾಡುತ್ತೇನೆ ಅಂದೆ. "ಮದುವೇಲೂ ಅದನ್ನೇ ಮಾಡ್ತಾ ಇದೀಯಾ?" ಎಂದು ಕೇಳಿದರು. ಹೌದೆಂದರೆ ಅವರಿಗೆ ಅರ್ಥವಾಗಲಿಲ್ಲ. ತಾಂಬೂಲದ ಚೀಲ ಮಾತ್ರ ಎರಡು ಸಿಕ್ಕಿತು.

ಗುರುವಾರ ಮಧ್ಯಾಹ್ನ ಇವರೂ ಅಳುತ್ತ ಬಾಗಿಲಿಗೆ ಬಂದರು, ಮ್ಯಾನೇಜರು ಕೀಗೆ ಕೈ ಚಾಚಿದರು. ಆಗ ನನ್ನ ತಲೆಗೆ ಹೊಳೆಯಿತು. ಛತ್ರದ ದಿನ ಬೆಳಗ್ಗೆ ಹುಟ್ಟುವುದಲ್ಲ. ಅದು ಹಿಂದಿನ ದಿನದ ಮಧ್ಯಾಹ್ನದ ಮೇಲೆ ಹುಟ್ಟಿ, ಮರುದಿನ ಮಧ್ಯಾಹ್ನದ ಊಟದ ಎಲೆ ಎತ್ತುವಾಗ ಮುಗಿಯುತ್ತದೆ. ಗುರುವಾರ ಧಾರೆ ಎಂದರೆ ಬುಧವಾರದ ಸಂಜೆಯೂ ಅವರದೇ. ಅದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಎಷ್ಟು ಗೊತ್ತೆಂದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮ್ಯಾನೇಜರು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೋಟೆಲ್ ಕ್ಯಾಲೆಂಡರಿಗಂತೂ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಮೊದಲು ಖುಷಿಯಾಯಿತು. ಮರುಕ್ಷಣ ಗಾಬರಿಯಾಯಿತು. ಕೆಲವರು ದೇವಸ್ಥಾನದಲ್ಲಿ ಧಾರೆ ಮುಗಿಸಿ ಛತ್ರದಲ್ಲಿ ಬರೀ ರಿಸೆಪ್ಷನ್ ಇಟ್ಟುಕೊಳ್ಳುತ್ತಾರೆ. ಅಂಥವರು ಶನಿವಾರ ಸಂಜೆ ಬೇಕಾದರೆ ಶನಿವಾರವನ್ನು ಒತ್ತುತ್ತಾರೆ. ಭಾನುವಾರ ಧಾರೆ ಇರುವವರು ಭಾನುವಾರವನ್ನು ಒತ್ತುತ್ತಾರೆ. ನನ್ನ ಕ್ಯಾಲೆಂಡರಿನಲ್ಲಿ ಎರಡೂ ಬೇರೆ ಬೇರೆ ಚೌಕ, ಎರಡಕ್ಕೂ ಅದು ಸಂತೋಷವಾಗಿ ಸರಿ ಅನ್ನುತ್ತದೆ. ಆದರೆ ಇಬ್ಬರಿಗೂ ಬೇಕಾದದ್ದು ಒಂದೇ ಸಂಜೆ, ಒಂದೇ ವೇದಿಕೆ, ಒಂದೇ ಅಡುಗೆಮನೆ. ಅಲ್ಲೇ ನಿಂತು ಫೋನಿನಲ್ಲಿ ಬುಕಿಂಗ್ ತೆಗೆದು ನೋಡಿದೆ. ಮುಂದಿನ ತಿಂಗಳ ಒಂದು ಶನಿವಾರವನ್ನು ಪಂಚನಹಳ್ಳಿಯ ಒಂದು ಮನೆಯವರು ರಿಸೆಪ್ಷನ್‌ಗೆ ಹಿಡಿದಿದ್ದರು. ಅದರ ಮರುದಿನ ಭಾನುವಾರ ನಮ್ಮೂರಿನದೇ ಒಂದು ಧಾರೆ.

ಮ್ಯಾನೇಜರಿಗೆ ತೋರಿಸಿದೆ. ಅವರು ತಲೆಯ ಮೇಲೆ ಕೈ ಹೊತ್ತು ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತುಬಿಟ್ಟರು. "ಅಯ್ಯಯ್ಯೋ, ಏನಮ್ಮಾ ಇದು! ಒಂದು ಸ್ಟೇಜ್ ಮೇಲೆ ಎರಡು ಜೋಡಿ ಕೂರ್ಸೋಕಾಗುತ್ತಾ? ನಾನೇ ಪುಸ್ತಕದಲ್ಲಿ ಬರ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ. ನಿನ್ನ ಕಂಪ್ಯೂಟರ್ ನಂಬಿ ಕೆಟ್ಟೆ ಕಣಮ್ಮಾ!" ಧಾರೆಯ ಮುಹೂರ್ತವನ್ನಂತೂ ಬದಲಿಸುವಂತಿಲ್ಲ. ಪಂಚನಹಳ್ಳಿಯವರನ್ನೇ ಕೇಳಿಕೊಳ್ಳಬೇಕು. ಆಪಾಗೆ ಫೋನ್ ಮಾಡಿದೆ. ಸೈಟು ಸರಿಮಾಡಿಕೊಂಡು ಬಾ ಅಂದವರಿಗೆ ಇಂಥ ಸುದ್ದಿ ಹೇಳಿದರೆ ಇನ್ನು ನನ್ನನ್ನು ಮೆಟ್ಟಿಲು ಹತ್ತಿಸುತ್ತಾರೆಯೇ ಎಂದು ಅಳುವೇ ಬಂತು.

ಅವರು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಯಾರಿಗಾದ್ರೂ ಗೊತ್ತಾಗೋಕೆ ಮುಂಚೆ ನೀನೇ ಕಂಡುಹಿಡಿದ್ಯಾ?" ಅಂದರು.

"ಹೂಂ ಆಪಾ."

"ಹಂಗಾದ್ರೆ ಅಳೋದು ಯಾಕೆ? ನಾಳೆ ಬೆಳಗ್ಗೆ ಕಡೂರು ಬಸ್ ಸ್ಟ್ಯಾಂಡಿಗೆ ಬಾ. ನಾನೂ ಬತ್ತೀನಿ. ನೀನು ಒಬ್ಳೇ ಹೋದ್ರೆ ಅವರ ಹತ್ರ ಜಗಳ ಆಡ್ಕೊಂಡು ಬತ್ತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ವಾ?"

ಟೈಮಿಲ್ಲ ಅನ್ನುತ್ತಿದ್ದ ಹೆಂಗಸು ಮರುದಿನ ನನಗಿಂತ ಮುಂಚೆ ಬಂದು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಕೂತಿದ್ದರು. ಪಂಚನಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದರು. ದಾರಿಯುದ್ದಕ್ಕೂ ತೆಂಗಿನ ತೋಟಗಳು, ಕೊಳವೆಬಾವಿಗಳ ಕಪ್ಪು ಪೈಪುಗಳು. ನಾನು ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದೆ. ಅವರು ಹೊರಗೆ ನೋಡುತ್ತಲೇ ಅಂದರು, "ಇಷ್ಟು ವರ್ಷ ಆ ಕೋಣೇಲಿ ಕೂತು ಕೆಲಸ ಮಾಡ್ತಾ ಇದೀನಿ. ನಾನೇನು ಮಾಡ್ತೀನಿ ಅಂತ ನಮ್ಮ ಕಡೆ ಒಬ್ರೂ ಸರಿಯಾಗಿ ನೋಡಿಲ್ಲ ಕಣೇ. ಬೈಯೋಕಾದ್ರೂ ನೋಡಿದ್ದು ನೀನೊಬ್ಳೇ. ಅವತ್ತು ಪೂರ್ತಿ ನಾನು ಖುಷೀಲಿದ್ದೆ." ಬ್ಯಾಗಿನಿಂದ ಚಕ್ಕುಲಿ ತೆಗೆದು ಕೊಟ್ಟೆ, ತಿಂದರು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮದುವೆ ಹುಡುಗ ಪಂಪ್‌ಸೆಟ್ ಹತ್ತಿರ ಹೋಗಿದ್ದವನು ಬೈಕಿನಲ್ಲಿ ಬಂದ. ಅವನ ಅಪ್ಪ ಅಮ್ಮ ಜಗಲಿಯ ಮೇಲೆ ಚಾಪೆ ಹಾಸಿದರು. ಕಂಬಕ್ಕೆ ಒರಗಿ ಹುಡುಗನ ಅಜ್ಜಿ ಕೂತಿದ್ದರು, ಅಡಿಕೆ ಕತ್ತರಿಸುತ್ತ. ಆಪಾ ನನ್ನ ಕಿವಿಯಲ್ಲಿ, "ನಾನು ಒಂದು ಮಾತೂ ಆಡಲ್ಲ. ನಿನ್ನ ಸೈಟು, ನಿನ್ನ ಮಾತು" ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿಯುತ್ತ ಕೂತುಬಿಟ್ಟರು.

ಬಾಯಿಪಾಠ ಮಾಡಿದ್ದೆಲ್ಲ ಮರೆತೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಸೈಟು ಮಾಡಿದವಳು ನಾನು, ಕ್ಯಾಲೆಂಡರ್ ತಪ್ಪಾಗಿದೆ, ಶನಿವಾರ ಸಂಜೆ ಇನ್ನೊಂದು ಮನೆಯವರದ್ದೂ ಆಗಿಬಿಟ್ಟಿದೆ, ಅವರದು ಮುಹೂರ್ತ, ಭಾನುವಾರ ಸಂಜೆ ಛತ್ರ ಪೂರ್ತಿ ಖಾಲಿ ಇದೆ, ನೀವು ದೊಡ್ಡ ಮನಸ್ಸು ಮಾಡಿ ಒಂದು ದಿನ ಮುಂದಕ್ಕೆ ಹೋಗಬೇಕು. ಹುಡುಗನ ಮುಖ ಕೆಂಪಾಯಿತು. "ಏನ್ರೀ, ಬುಕಿಂಗ್ ಆಗಿದೆ ಅಂತ ಮೆಸೇಜ್ ಬಂದಿದೆಯಲ್ರೀ ನನಗೆ!" ಅಂದ. ಅವನ ಅಪ್ಪ ಗಂಟಲು ಸರಿಮಾಡಿಕೊಂಡರು. ನಾನು ಆಪಾ ಕಡೆ ನೋಡಿದೆ. ಅವರು ಮಜ್ಜಿಗೆ ಲೋಟದೊಳಗೆ ನೋಡುತ್ತಿದ್ದರು.

ಅಡಿಕೆ ಕತ್ತರಿ ನಿಂತಿತು. "ಏನಂದೆ ಮಗಾ? ಶನಿವಾರ ಬ್ಯಾಡ, ಭಾನುವಾರ ಮಾಡ್ಕಳಿ ಅಂದ್ಯಾ?" ಅಜ್ಜಿ ಕೇಳಿದರು.

"ಹೌದಜ್ಜಿ. ತಪ್ಪಾಯ್ತು."

"ಯಾಕ್ ತಪ್ಪಾಯ್ತು? ನಿನ್ ಬಾಯಿಗೆ ಸಕ್ರೆ ಹಾಕ!" ಎಂದು ಅಜ್ಜಿ ಮೊಮ್ಮಗನ ಕಡೆ ತಿರುಗಿದರು. "ಲೇ, ಕೇಳಿಸ್ಕೊಂಡ್ಯೇನೋ? ಶನಿವಾರ ನಂದು ಒಪ್ಪತ್ತು. ಮದ್ವೆಯಾಗಿ ಈ ಮನೆಗೆ ಬಂದಾಗಿಂದ ಶನಿವಾರ ರಾತ್ರಿ ನಾನು ಅನ್ನ ಮುಟ್ಟಿಲ್ಲ. ಇವ್ನು ಒಂದ್ ಮಾತು ಕೇಳ್ದೆ ಫೋನ್ ಒತ್ತಿ ಶನಿವಾರ ಹಿಡ್ಕೊಂಡು ಬಂದ್ಬಿಟ್ಟ ಕಣವ್ವಾ! ನನ್ ಮೊಮ್ಮಗನ ಊಟದಲ್ಲಿ ಎಲ್ರೂ ಹೋಳಿಗೆ ಹೊಡೀತಿರ್ಬೇಕಾದ್ರೆ ನಾನು ಬಾಳೆಹಣ್ಣು ಸುಲ್ಕೊಂಡು ಕೂತ್ಕಳ್ಳಾ? ಹೇಳಿದ್ರೆ ಆಗಲ್ಲಜ್ಜಿ ಕಂಪ್ಯೂಟರ್‌ನಲ್ಲಿ ಹಾಕಾಗೋಯ್ತು ಅಂತಾನೆ!"

ಹುಡುಗ ತಲೆ ಕೆರೆದುಕೊಂಡ. ಅವನ ಅಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದರು. ಅಪ್ಪನೂ ನಕ್ಕರು. ಕಾರ್ಡು ಇನ್ನೂ ಪ್ರೆಸ್ಸಿಗೆ ಕೊಟ್ಟಿರಲಿಲ್ಲ, ಭಾನುವಾರವಾದರೆ ನೆಂಟರಿಗೂ ಅನುಕೂಲ, ಅಡುಗೆಯವರಿಗೆ ಒಂದು ಫೋನ್ ಮಾಡಿದರಾಯಿತು ಎಂದು ಒಬ್ಬೊಬ್ಬರೇ ಹೇಳತೊಡಗಿದರು. ಅಜ್ಜಿ ಎದ್ದು ಬಂದು ನನ್ನ ಗಲ್ಲ ಸವರಿ ನೆಟಿಕೆ ಮುರಿದರು. "ನೀವಿಬ್ರೂ ಬರ್ಬೇಕು. ನಿನ್ ಪಕ್ಕದಲ್ಲಿ ಕೂತ್ಕಂಡು ಹೋಳಿಗೆ ತಿಂತೀನಿ ನಾನು" ಅಂದರು. ತಪ್ಪೊಪ್ಪಿಕೊಳ್ಳಲು ಹೋದವಳನ್ನು ಯಾರಾದರೂ ಹೀಗೆ ಮೆರೆಸುತ್ತಾರೆಯೇ? ಎಳನೀರು ಬೇರೆ ಕೆತ್ತಿಸಿ ಕೊಟ್ಟರು. ಅಷ್ಟು ಹೊತ್ತೂ ಸುಮ್ಮನಿದ್ದ ಆಪಾ ಬಸ್ಸು ಹತ್ತಿದ ಮೇಲೆ ನಗಲು ಶುರು ಮಾಡಿದವರು ಕಡೂರು ಬರುವವರೆಗೂ ನಿಲ್ಲಿಸಲಿಲ್ಲ. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಆಮೇಲೆ ನಾನು ಆ ಅಚ್ಚನ್ನು ಕಿತ್ತು ಹಾಕಿದೆ. ಹೆಡ್‌ಫೋನಿನ ಹೆಂಗಸಿಗೂ ಕೈಮುಗಿದು ಕಳಿಸಿಕೊಟ್ಟೆ. ಖಾಲಿ ಹಾಳೆಯಿಂದ ಶುರು ಮಾಡಿದೆ. ಈಗ ನನ್ನ ಪುಟ ಮೊದಲು ದಿನ ಕೇಳುವುದಿಲ್ಲ. ಧಾರೆಯೋ, ಬರೀ ರಿಸೆಪ್ಷನ್ನೋ ಎಂದು ಕೇಳುತ್ತದೆ. ಧಾರೆ ಅಂದರೆ ಹಿಂದಿನ ದಿನದ ಸಂಜೆ ತಾನಾಗಿ ಅವರ ಹೆಸರಿಗೆ ಮುಚ್ಚಿಕೊಳ್ಳುತ್ತದೆ. ಪ್ರತಿ ದಿನಕ್ಕೂ ಎರಡು ಭಾಗ, ಊಟದವರೆಗೆ ಒಂದು, ಸಂಜೆಯದು ಒಂದು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ನಮ್ಮಮ್ಮನ ಕೈಗೆ ಫೋನು ಕೊಟ್ಟು ಹೆಬ್ಬೆರಳು ನೋಡಿದೆ. ಎದುರುಮನೆಯವರ ಕೈಗೆ ಕೊಟ್ಟೆ. ಹೂ ಮಾರಲು ಬರುವವರನ್ನೂ ಬಿಡಲಿಲ್ಲ. "ಇವಳ ಕಾಟ ಜಾಸ್ತಿಯಾಯ್ತು" ಎಂದು ಬೀದಿಯಲ್ಲಿ ಮಾತಾಯಿತಂತೆ.

ಕೆಲಸ ಮುಗಿದ ದಿನ ತರೀಕೆರೆಗೆ ಹೋದೆ. ಆಪಾ ಒಡಕು ಫೋನನ್ನು ಅತ್ತೆಗೆ ಕೊಟ್ಟರು. ಅತ್ತೆಯ ಹೆಬ್ಬೆರಳು ಈ ಸಲ ಎಲ್ಲೂ ನಿಲ್ಲದೆ ನೇರ ಬಂತು, ಆಮೇಲೆ ತಟ್ಟನೆ ನಿಂತಿತು. ಏನೋ ಕೇಳಿದರು. "ನಿಕಾ ಬೇರೆ ಕಡೆ, ವಲೀಮಾ ಊಟ ಮಾತ್ರ ಇಲ್ಲಿ ಮಧ್ಯಾಹ್ನ ಅಂದ್ರೆ ಎಲ್ಲಿ ಒತ್ಬೇಕು ಅಂತಾರೆ" ಅಂದರು ಆಪಾ. ನಾನು ಅಲ್ಲೇ ನೆಲದ ಮೇಲೆ ಕೂತು, 'ಮಧ್ಯಾಹ್ನದ ಊಟ ಮಾತ್ರ' ಎಂದು ಇನ್ನೊಂದು ಆಯ್ಕೆ ಸೇರಿಸಿ ಮತ್ತೆ ಫೋನು ಕೊಟ್ಟೆ. ಅತ್ತೆ ಒತ್ತಿದರು. ಆಯಿತು. ಫೋನು ಪಕ್ಕಕ್ಕಿಟ್ಟು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು. ಹೊಗಳಿಕೆ ಅಷ್ಟೇ.

ನಾನು ಕಾದು ನಿಂತೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂದುಕೊಂಡೆ. ಆಪಾ ಕಲಿಸುವ ಮಾತೇ ಎತ್ತಲಿಲ್ಲ. ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಯಾವುದೋ ಊರಿನ ಕಣ್ಣಿನ ಡಾಕ್ಟರಿಗೆ ಮಾಡಿದ್ದ ಪುಟ. ರೋಗಿಗಳು ಹೆಸರು ಬರೆದು ಸಮಯ ಹಿಡಿಯುವುದು. "ಇದು ನಾಳೆ ಕಳಿಸ್ಬೇಕು. ಏನು ತಪ್ಪಿದೆ ಹೇಳು" ಅಂದರು.

ನೋಡಿದೆ. ಚೊಕ್ಕಟವಾಗಿತ್ತು. "ಏನೂ ತಪ್ಪಿಲ್ಲ ಆಪಾ. ತುಂಬಾ ಚೆನ್ನಾಗಿದೆ."

"ಹಂಗಾ? ಸರಿ, ಹೊರಡು ಮತ್ತೆ. ಬಸ್ಸಿಗೆ ಹೊತ್ತಾಗುತ್ತೆ."

ಮುಖಕ್ಕೆ ಹೊಡೆದಂತಾಯಿತು. ಅವರು ಆಗಲೇ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಬ್ಯಾಗು ಹೆಗಲಿಗೆ ಹಾಕಿದೆ. ಬಾಗಿಲವರೆಗೆ ಹೋದೆ. ಹೋಗಲು ಮನಸ್ಸು ಬರಲಿಲ್ಲ, ಸಿಟ್ಟೂ ಬಂತು. ಇಷ್ಟು ಮಾಡಿಸಿ ಹೊರಡು ಅಂದರೆ ಏನರ್ಥ? ತಿರುಗಿ ಬಂದು, ಅತ್ತೆಯ ಪಕ್ಕದಲ್ಲಿದ್ದ ಒಡಕು ಫೋನನ್ನು ಎತ್ತಿಕೊಂಡು, ಆಪಾರ ಪುಟ ಅದರಲ್ಲಿ ತೆರೆದೆ. ಒಂದೇ ಕೈಯಲ್ಲಿ ಹಿಡಿದು, ಕಣ್ಣು ಮಂಜಾದವರು ಹೇಗೆ ಬಳಸುತ್ತಾರೋ ಹಾಗೆ, ಅಕ್ಷರ ದೊಡ್ಡದು ಮಾಡಿಕೊಂಡು, ಹೆಸರು ಬರೆದೆ. ಸಮಯ ಹಿಡಿದೆ. ಮುಂದೆ ಒತ್ತಲು ಬಟನ್ನೇ ಇಲ್ಲ. ಅಕ್ಷರ ದೊಡ್ಡದಾದ ಕಾರಣ ಅದು ಟೈಪು ಮಾಡುವ ಕೀಲಿಗಳ ಹಿಂದೆ ಅಡಗಿ ಕೂತಿತ್ತು.

"ಆಪಾ, ಕಣ್ಣು ಕಾಣದವರು ಅಕ್ಷರ ದೊಡ್ಡದು ಮಾಡ್ಕೊಂಡೇ ಮಾಡ್ಕೋತಾರೆ. ಅವರಿಗೆ ನಿಮ್ಮ ಬಟನ್ನು ಸಿಗಲ್ಲ" ಎಂದು ಫೋನು ಅವರ ಮುಂದಿಟ್ಟೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವರು ಫೋನು ಎತ್ತಿಕೊಂಡು ತಾವೇ ಒತ್ತಿ ನೋಡಿದರು. ಇನ್ನೊಂದು ಸಲ ಒತ್ತಿದರು. "ಹೌದಲ್ಲೇ!" ಅಂದರು. ಕಣ್ಣು ಅರಳಿತು. ಅಲ್ಲೇ, ನನ್ನೆದುರಿಗೇ ಅದನ್ನು ಸರಿ ಮಾಡಿ, ಮತ್ತೆ ನೋಡಿ, ಸಮಾಧಾನವಾದ ಮೇಲೆ ಎದ್ದು ಕಿಟಕಿಗೆ ಹೋದರು. ಕೆಳಗೆ ಬಗ್ಗಿ, ಗ್ರೈಂಡರಿನ ಸದ್ದನ್ನು ಮೀರಿ, ಮೈದುನನಿಗೆ ದಖ್ಖನಿಯಲ್ಲಿ ಏನೋ ಕೂಗಿದರು. ಗ್ರೈಂಡರು ನಿಂತಿತು. ಮೈದುನ ಅಳತೆ ಟೇಪು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಗೇಟಿನ ಅಳತೆ ಆವತ್ತೇ ಕೊಟ್ಟಿದ್ದೆನಲ್ಲ" ಅಂದೆ ನಾನು, ಏನೂ ತಿಳಿಯದೆ.

"ಗೇಟಲ್ಲಮ್ಮಾ, ಮೇಜು" ಅಂದರು ಅವರು. "ಇನ್ನೊಂದು ಮೇಜು ಬೇಕಂತೆ ಇಲ್ಲಿಗೆ. ಆ ಕುರ್ಚೀಲಿ ಕೂತ್ಕೊ, ಮೊಣಕೈ ಎಲ್ಲಿಗೆ ಬರುತ್ತೆ ನೋಡ್ಬೇಕು."

ಆಪಾ ಆಗಲೇ ಬೆನ್ನು ತಿರುಗಿಸಿ ಕೆಲಸಕ್ಕೆ ಕೂತಿದ್ದರು. ನಾನು ಕುರ್ಚಿಯಲ್ಲಿ ಕೂತೆ. ಮೈದುನ ನೆಲದಿಂದ ಟೇಪು ಎಳೆದು ನನ್ನ ಮೊಣಕೈಗೆ ಹಿಡಿದರು. ಅಳುವೋ ನಗುವೋ ತಡೆಯಲಾಗದೆ ನನ್ನ ಮೈಯೆಲ್ಲ ಕುಲುಕುತ್ತಿತ್ತು.

"ಸ್ವಲ್ಪ ಅಲ್ಲಾಡದೆ ಕೂತ್ಕೊಳಮ್ಮಾ, ಮೇಜು ಸೊಟ್ಟ ಆಗುತ್ತೆ" ಅಂದರು ಅವರು.